ಇಳಿದ ಗಾಜು ಏರಲಿಲ್ಲ: ಪವರ್ ವಿಂಡೋ ದುರಸ್ತಿಯ ನನ್ನ ಅನುಭವ

ವಿಜಯಪುರದಲ್ಲಿ ಬೋರ್‌ವೆಲ್ ಮೋಟಾರುಗಳ ರಿವೈಂಡಿಂಗ್, ಎಂದರೆ ಸುಟ್ಟ ಮೋಟಾರಿಗೆ ಹೊಸದಾಗಿ ತಂತಿ ಸುತ್ತುವುದು, ನನ್ನ ಕಸುಬು. ಕಳೆದ ಏಪ್ರಿಲ್‌ನಲ್ಲಿ ತಿಕೋಟಾ ಕಡೆಯ ದ್ರಾಕ್ಷಿ ತೋಟವೊಂದರಿಂದ ಸುಟ್ಟ ಮೋಟಾರೊಂದನ್ನು ನನ್ನ ಹಳೆಯ ಕಾರಿನಲ್ಲಿ ಹೇರಿಕೊಂಡು ಬರುವಾಗ, ಪಕ್ಕದಲ್ಲಿ ಕುಳಿತಿದ್ದ ಸೋದರಳಿಯ ಗಾಳಿಗೆಂದು ತನ್ನ ಬದಿಯ ಗಾಜನ್ನು ಪೂರ್ತಿ ಇಳಿಸಿದ. ಅದು ಮತ್ತೆ ಏರಲಿಲ್ಲ. ಊರು ಸೇರುವಷ್ಟರಲ್ಲಿ ನಮ್ಮಿಬ್ಬರ ತಲೆಯೂ ಡ್ಯಾಶ್‌ಬೋರ್ಡೂ ಒಂದೇ ಬಣ್ಣಕ್ಕೆ ತಿರುಗಿದ್ದವು.

ಮರುದಿನ ಗ್ಯಾರೇಜಿನಲ್ಲಿ ಸ್ವಿಚ್ಚನ್ನು ಎರಡು ಸಲ ಒತ್ತಿ ನೋಡಿ, "ಮೋಟಾರ್ ಸುಟ್ಟೇತ್ರಿ, ಮಷಿನ್ ಸಮೇತ ಹೊಸಾದು ಹಾಕಬೇಕು" ಎಂದರು. ಗಾಜನ್ನು ಏರಿಸಿ ಇಳಿಸುವ ಯಂತ್ರಕ್ಕೆ ಅವರು ಮಷಿನ್ ಎನ್ನುತ್ತಾರೆ. ದಿನವೂ ಸುಟ್ಟ ಮೋಟಾರುಗಳ ನಡುವೆಯೇ ಇರುವ ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಕಿಟಕಿಯಲ್ಲಿರುವುದು 12 ವೋಲ್ಟಿನ ಡಿ.ಸಿ. ಮೋಟಾರು; ಪ್ಲಸ್ ಮೈನಸ್ ಅದಲುಬದಲಾದರೆ ಅದು ತಿರುಗುವ ದಿಕ್ಕು ಬದಲಾಗುತ್ತದೆಯೇ ಹೊರತು, ಏರುವುದಕ್ಕೊಂದು ಇಳಿಯುವುದಕ್ಕೊಂದು ಎಂದು ಅದರಲ್ಲಿ ಬೇರೆ ಬೇರೆ ವೈಂಡಿಂಗ್ ಇರುವುದಿಲ್ಲ. ಇಳಿಸುವಾಗ ಸರಾಗವಾಗಿ ತಿರುಗಿದ ಮೋಟಾರು ಏರಿಸುವಾಗ ಮಾತ್ರ ಸುಟ್ಟಿರುವುದು ಹೇಗೆ?

ಮನೆಗೆ ಬಂದು, ಕಾರಿನ ಒಳದೀಪ ಹಚ್ಚಿಟ್ಟು, ಆ ಬಾಗಿಲಿನ ಸ್ವಿಚ್ಚನ್ನು ಕೆಳಕ್ಕೆ ಒತ್ತಿದೆ. ಗಾಜು ಆಗಲೇ ತಳದಲ್ಲಿದ್ದರೂ ಬಾಗಿಲೊಳಗೆ 'ಟಕ್' ಎಂದು ಜಗ್ಗಿದ ಸದ್ದಾಯಿತು, ದೀಪವೂ ತುಸು ಮಂಕಾಯಿತು, ಎಂದರೆ ಮೋಟಾರು ಕರೆಂಟು ಎಳೆಯುತ್ತಿತ್ತು. ಮೇಲಕ್ಕೆ ಒತ್ತಿದರೆ ಸದ್ದೂ ಇಲ್ಲ, ದೀಪ ಅಲುಗಲೂ ಇಲ್ಲ. ಡ್ರೈವರ್ ಬದಿಯ ಸ್ವಿಚ್ಚಿನಿಂದ ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಅರ್ಧ ಕೆಲಸ ಅಲ್ಲಿಯೇ ಮುಗಿದಿತ್ತು ಎಂದು ಈಗ ಅನ್ನಿಸುತ್ತದೆ. ನನ್ನ ಕಾರಿನಂತಹ ಸರಳ ವೈರಿಂಗಿನಲ್ಲಿ ಎಡಬಾಗಿಲಿನ ಸ್ವಿಚ್ಚಿಗೆ ಮೂರು ವೈರು ಬರುತ್ತವೆ: ಒಂದು ನೇರ ಸಪ್ಲೈ, ಉಳಿದೆರಡು ಡ್ರೈವರ್ ಬದಿಯ ಸ್ವಿಚ್ಚಿನಿಂದ ಬಂದವು. ಡ್ರೈವರ್ ಸ್ವಿಚ್ಚನ್ನು ಒತ್ತದಿರುವಾಗ ಈ ಎರಡೂ ವೈರುಗಳು ಅದರೊಳಗೆ ಅರ್ಥಿಗೆ, ಎಂದರೆ ಬ್ಯಾಟರಿಯ ಮೈನಸ್ ಕಡೆಗೆ, ಸೇರಿರುತ್ತವೆ. ಎಡಗಡೆಯ ಸ್ವಿಚ್ಚನ್ನು ಒತ್ತಿದರೆ ಮೋಟಾರಿನ ಒಂದು ತುದಿಗೆ ಸಪ್ಲೈ ಸಿಕ್ಕು, ಇನ್ನೊಂದು ತುದಿ ಇವುಗಳಲ್ಲಿ ಒಂದರ ಮೂಲಕ ಅರ್ಥ್ ಆಗುತ್ತದೆ. ಆದ್ದರಿಂದ ಎರಡರಲ್ಲಿ ಒಂದು ಕಡಿದರೆ ಎಡಗಡೆಯ ಸ್ವಿಚ್ಚಿನಿಂದ ಒಂದು ದಿಕ್ಕು ಮಾತ್ರ ಸಾಯುತ್ತದೆ, ಡ್ರೈವರ್ ಸ್ವಿಚ್ಚಿನಿಂದ ಎರಡೂ ಸಾಯುತ್ತವೆ. ಎಲೆಕ್ಟ್ರಾನಿಕ್ ಕಂಟ್ರೋಲ್ ಇರುವ ಹೊಸ ಕಾರುಗಳಿಗೆ ಈ ಲೆಕ್ಕ ಹೊಂದುವುದಿಲ್ಲ.

ಡೋರ್ ಪ್ಯಾಡ್, ಎಂದರೆ ಬಾಗಿಲಿನ ಒಳಬದಿಯ ಹೊದಿಕೆ, ಬಿಚ್ಚುವುದು ದೊಡ್ಡ ವಿದ್ಯೆಯಲ್ಲ. ಹಿಡಿಕೆಯ ಹಿಂದೆ ಅಡಗಿರುವ ಸ್ಕ್ರೂಗಳನ್ನು ಮರೆತು ಜಗ್ಗಬಾರದು, ಅಷ್ಟೆ. ಅದರ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಮಾತ್ರ ನಿಧಾನವಾಗಿ ಬಿಡಿಸಬೇಕು, ಏಕೆಂದರೆ ಮಳೆಗಾಲದಲ್ಲಿ ಬಾಗಿಲಿನೊಳಗೆ ಇಳಿದ ನೀರು ಕಾರಿನೊಳಗೆ ಬರದಂತೆ ತಡೆಯುವುದು ಅದೇ. ಆ ಬಿಸಿಲಿಗೆ ಅದರ ಕಪ್ಪು ಅಂಟು ಬೆಲ್ಲದ ಪಾಕದಂತೆ ಎಳೆ ಎಳೆಯಾಗಿ ಬರುತ್ತಿತ್ತು.

ಮೋಟಾರಿನ ಕನೆಕ್ಟರ್ ಕಿತ್ತು, ಅಳಿಯನಿಗೆ ಸ್ವಿಚ್ಚನ್ನು ಮೇಲಕ್ಕೆ ಒತ್ತಿ ಹಿಡಿಯಲು ಹೇಳಿ, ಮಲ್ಟಿಮೀಟರ್ ಹಚ್ಚಿದೆ. 12.3 ವೋಲ್ಟ್ ತೋರಿಸಿತು! "ಮಾಮಾ, ಕರೆಂಟ್ ಬರಾಕತ್ತೇತಿ, ಹಂಗಾರ ಮೋಟಾರೇ ಹೋಗೇತಿ" ಎಂದ ಅಳಿಯ. ಒಂದು ಗಳಿಗೆ ನನಗೂ ಹಾಗೆಯೇ ಅನ್ನಿಸಿತು. ಆದರೆ ಮೀಟರು ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ಕೂದಲೆಳೆಯಷ್ಟು ತಾಗಿಕೊಂಡಿರುವ ವೈರೂ ಅದರ ಕಣ್ಣಿಗೆ ಗಟ್ಟಿಯಾಗಿಯೇ ಕಾಣುತ್ತದೆ. ಮೀಟರನ್ನು ಬದಿಗಿಟ್ಟು, ಅದಕ್ಕಿಂತ ಬಹಳ ಹೆಚ್ಚು ಕರೆಂಟು ಎಳೆಯುವ 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಹಚ್ಚಿದೆ. ಬಲ್ಬಿನ ತಂತಿ ಕೆಂಪಗಾಯಿತೇ ಹೊರತು ಬೆಳಕಾಗಲಿಲ್ಲ. ಬಾಗಿಲನ್ನು ತುಸು ಮುಚ್ಚಿ ತೆರೆದಂತೆ ಒಮ್ಮೆ ಝಗ್ಗನೆ ಹೊತ್ತಿ ಮತ್ತೆ ಕೆಂಪಾಯಿತು.

ಇನ್ನು ಹುಡುಕುವ ಮಾತೇ ಇರಲಿಲ್ಲ. ಬಾಗಿಲಿಗೂ ಅದರ ಕೀಲು ಕೂರುವ ಕಾರಿನ ಕಂಬಕ್ಕೂ ನಡುವೆ ವೈರುಗಳು ಹಾಯುವ ರಬ್ಬರ್ ಕೊಳವೆಯನ್ನು ಹಿಂದಕ್ಕೆ ಸರಿಸಿದೆ. ಬಾಗಿಲು ತೆರೆದಾಗಲೆಲ್ಲ ಬಾಗಿ ಬಾಗಿ ಒಂದು ವೈರಿನ ಹೊದಿಕೆ ಸೀಳಿತ್ತು. ಒಳಗಿನ ಎಳೆಗಳು ತುಂಡಾಗಿ, ತುದಿಗಳು ಹಸಿರು ಕಿಲುಬು ಹಿಡಿದು, ಒಂದಕ್ಕೊಂದು ತಾಗಿಯೂ ತಾಗದಂತೆ ಕುಳಿತಿದ್ದವು.

ಬ್ಯಾಟರಿಯ ಮೈನಸ್ ತೆಗೆದಿಟ್ಟು, ಕಿಲುಬಾದ ಭಾಗವನ್ನು ಪೂರ್ತಿ ಕತ್ತರಿಸಿ, ಅದೇ ದಪ್ಪದ, ಸಣ್ಣ ಎಳೆಗಳ ಮೆತ್ತನೆಯ ವೈರನ್ನು ನಡುವೆ ಸೇರಿಸಿದೆ. ಬೆಸುಗೆ ಹಾಕಿದ ಜಾಗ ಬಿರುಸಾಗಿ, ಬಾಗುವಲ್ಲಿ ಬೇಗ ಮುರಿಯುವುದರಿಂದ, ಎರಡೂ ಜೋಡಣೆಗಳು ರಬ್ಬರ್ ಕೊಳವೆಯ ಹೊರಗೆ, ಒಂದು ಬಾಗಿಲೊಳಗೆ, ಇನ್ನೊಂದು ಕಂಬದ ಒಳಗೆ ಬರುವಂತೆ ನೋಡಿಕೊಂಡು ಮೇಲೆ ಬಿಸಿ ತಾಗಿದರೆ ಬಿಗಿಯಾಗುವ ಹೀಟ್ ಶ್ರಿಂಕ್ ಸ್ಲೀವ್ ಏರಿಸಿದೆ. ಕಂಬದ ಕಡೆ ಕೈ ಹೋಗದೆ ಒಂದು ತಾಸು ಅದಕ್ಕೇ ಹಿಡಿಯಿತು.

ಗಾಜು ಏರಿತು, ಆದರೆ ನರಳುತ್ತ ಏರಿತು. ಗಾಜು ಸರಿಯುವ ರಬ್ಬರ್ ಚಾನೆಲ್‌ನಲ್ಲಿ ಕರಿಮಣ್ಣಿನ ಧೂಳು ಹೆಪ್ಪುಗಟ್ಟಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೆಗೆದು ಸಿಲಿಕೋನ್ ಸ್ಪ್ರೇ ಹೊಡೆದ ಮೇಲೆ ಹಗುರವಾಯಿತು. ಅಲ್ಲಿಗೆ ಗ್ರೀಸ್ ಹಚ್ಚುವವರನ್ನು ಕಂಡಿದ್ದೇನೆ. ನಮ್ಮ ಧೂಳನ್ನು ಅದು ಕರೆದು ಕೂರಿಸಿದಂತೆ. ಪ್ಯಾಡ್ ಕೂರಿಸುವಾಗ ಕ್ಲಿಪ್ ಒಂದು ಮುರಿಯಿತು. ಕಚ್ಚಾ ರಸ್ತೆಗೆ ಇಳಿದಾಗಲೆಲ್ಲ ಆ ಬಾಗಿಲು ಇನ್ನೂ ಕಟಕಟ ಎನ್ನುತ್ತದೆ.