ಗೋಕರ್ಣದಿಂದ ಮುರ್ಡೇಶ್ವರ: ಗಾಳಿಮರದ ನೆರಳಲ್ಲಿ ಮೂರು ದಿನದ ಸೈಕಲ್ ದಾರಿ

ಗೋಕರ್ಣದಿಂದ ಮುರ್ಡೇಶ್ವರಕ್ಕೆ ಪಳಗಿದ ಸವಾರರು ಹೆದ್ದಾರಿ ಹಿಡಿದು ಒಂದೇ ಬೆಳಿಗ್ಗೆ ಹೋಗಿಬಿಡುತ್ತಾರೆ. ನಾವು ಅದನ್ನೇ ಮೂರು ದಿನಕ್ಕೆ ಹಂಚಿಕೊಂಡೆವು. ದಿನಕ್ಕೆ 25ರಿಂದ 30 ಕಿ.ಮೀ., ಒಟ್ಟು 80ರ ಆಸುಪಾಸು. ವಾರಕ್ಕೊಮ್ಮೆ ಸೈಕಲ್ ಹತ್ತುವವರಿಗೂ ಇದು ಸಲೀಸು, ಆದರೆ ಒಂದು ಷರತ್ತಿದೆ. ಕರಾವಳಿಯಲ್ಲಿ ದೂರವನ್ನಲ್ಲ, ಗಂಟೆಯನ್ನು ನೋಡಿ ಯೋಜನೆ ಹಾಕಬೇಕು. ಗಾಳಿ, ಭರತ-ಇಳಿತ, ದೋಣಿ, ಬಿಸಿಲು, ಈ ನಾಲ್ಕಕ್ಕೂ ಅವುಗಳದೇ ವೇಳಾಪಟ್ಟಿ ಇದೆ. ಅವುಗಳ ಜೊತೆ ಹೊಂದಿಕೊಂಡರೆ 30 ಕಿ.ಮೀ. ಆಟ, ಎದುರು ಹಾಕಿಕೊಂಡರೆ 15ಕ್ಕೇ ಸುಸ್ತು.

ಮೊದಲು ದಿಕ್ಕು. ಉತ್ತರದಿಂದ ದಕ್ಷಿಣಕ್ಕೇ ಹೋಗಬೇಕು. ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಇಲ್ಲಿ ಬೆಳಗಿನ ಹೊತ್ತು ಘಟ್ಟದ ಕಡೆಯಿಂದ ತೆಳ್ಳಗೆ ತಂಪು ಗಾಳಿ ಬರುತ್ತದೆ. ನೆಲ ಕಾದಂತೆ ಅದು ನಿಂತು, ಹನ್ನೊಂದು ಗಂಟೆಯ ಹೊತ್ತಿಗೆ ಕಡಲ ಗಾಳಿ ಶುರುವಾಗುತ್ತದೆ. ಎರಡರಿಂದ ನಾಲ್ಕರವರೆಗೆ ಅದರದೇ ಜೋರು, ಬೀಸುವುದು ಹೆಚ್ಚಾಗಿ ವಾಯವ್ಯದಿಂದ. ದಕ್ಷಿಣಕ್ಕೆ ಹೊರಟವರಿಗೆ ಅದು ಬೆನ್ನ ಓರೆಯಿಂದ ದೂಡುತ್ತದೆ. ಮುರ್ಡೇಶ್ವರದಿಂದ ಗೋಕರ್ಣಕ್ಕೆ ಹೊರಟರೆ ಅದೇ ಗಾಳಿ ಮುಖಕ್ಕೆ ಹೊಡೆದು, ಚಪ್ಪಟೆ ರಸ್ತೆಯೂ ಏರಿನಂತಾಗುತ್ತದೆ. ಮಾರ್ಚ್ ದಾಟಿದರೆ ಸೆಕೆ, ಜೂನ್‌ನಿಂದ ಮಳೆ. ಅಕ್ಟೋಬರ್‌ನಲ್ಲಿ ಹಸಿರೇನೋ ಚೆನ್ನ, ಆದರೆ ಒಳದಾರಿಗಳಲ್ಲಿ ಇನ್ನೂ ಕೆಸರು ಒಣಗಿರುವುದಿಲ್ಲ.

ಮುರ್ಡೇಶ್ವರದಲ್ಲಿ ಮುಗಿಸುವುದಕ್ಕೆ ಇನ್ನೊಂದು ಕಾರಣ ರೈಲು. ಗೋಕರ್ಣ ರೋಡ್, ಕುಮಟಾ, ಹೊನ್ನಾವರದಂಥ ನಿಲ್ದಾಣಗಳಲ್ಲಿ ಹೆಚ್ಚಿನ ಗಾಡಿಗಳು ನಿಲ್ಲುವುದು ಒಂದೆರಡು ನಿಮಿಷ. ಅಷ್ಟರಲ್ಲಿ ಬ್ರೇಕ್‌ವ್ಯಾನಿನಿಂದ (ಸಾಮಾನಿನ ಡಬ್ಬಿ) ಸೈಕಲ್ ಇಳಿಸುತ್ತಾರೆಂದು ನಂಬಿ ಕೂರುವಂತಿಲ್ಲ. ಬೆಂಗಳೂರು–ಮುರ್ಡೇಶ್ವರ ಗಾಡಿ ಮುರ್ಡೇಶ್ವರದಿಂದಲೇ ಹೊರಡುವುದರಿಂದ ಹತ್ತಿಸಲು ಸಾವಧಾನ ಸಿಗುತ್ತದೆ. ಹೋಗುವಾಗ ನಾವು ರಾತ್ರಿ ಬಸ್ ಹಿಡಿದು, ಸೈಕಲ್ಲನ್ನು ಡಿಕ್ಕಿಯಲ್ಲಿ ಹಾಕಿದೆವು. ಟಿಕೆಟ್ ಮಾಡುವ ಮೊದಲೇ ಫೋನಿನಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಿ. ಬಸ್ ಹೊರಡುವಾಗ ಡ್ರೈವರ್ ಜೊತೆ ಚೌಕಾಸಿಗೆ ನಿಂತರೆ ಸೋಲು ನಿಮ್ಮದೇ.

ಬಿಚ್ಚುವುದು ಹೀಗೆ. ಎರಡೂ ಚಕ್ರ ತೆಗೆಯಿರಿ, ಸೀಟ್ ಪೂರ್ತಿ ಇಳಿಸಿ, ಹ್ಯಾಂಡಲನ್ನು ಫ್ರೇಮಿಗೆ ಸಮನಾಗಿ ತಿರುಗಿಸಿ. ಪೆಡಲ್‌ಗೆ 15 ಎಂಎಂ ಸ್ಪ್ಯಾನರ್ ಬೇಕು. ಎಡ ಪೆಡಲಿನ ತಿರುಪು ಉಲ್ಟಾ ಎಂಬುದು ಅವಸರದಲ್ಲಿ ಎಲ್ಲರಿಗೂ ಮರೆಯುತ್ತದೆ. ಸುಲಭದ ಲೆಕ್ಕ: ಸ್ಪ್ಯಾನರ್ ಮೇಲ್ಮುಖವಾಗಿ ನಿಂತಿರುವಾಗ ಹಿಂದಿನ ಚಕ್ರದ ಕಡೆಗೆ ಎಳೆದರೆ ಎರಡೂ ಪೆಡಲ್ ಸಡಿಲವಾಗುತ್ತವೆ. ಡಿಸ್ಕ್ ಬ್ರೇಕ್ ಇದ್ದರೆ ಪ್ಯಾಡ್‌ಗಳ ನಡುವೆ ದಪ್ಪ ರಟ್ಟು ಸಿಕ್ಕಿಸಿ. ಇಲ್ಲದಿದ್ದರೆ ಯಾರೋ ಲಿವರ್ ಒತ್ತಿ ಪ್ಯಾಡ್ ಕಚ್ಚಿಕೊಂಡು, ಆಮೇಲೆ ಚಕ್ರ ಒಳಗೆ ಹೋಗುವುದಿಲ್ಲ. ಪ್ರಯಾಣದಲ್ಲಿ ನಿಜವಾಗಿ ಕೆಡುವುದು ಹಿಂದಿನ ಡಿರೇಲರ್ ಹ್ಯಾಂಗರ್, ಅಂದರೆ ಗೇರ್ ಬದಲಿಸುವ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಸಣ್ಣ ತುಂಡು. ಮೇಲೊಂದು ಸೂಟ್‌ಕೇಸ್ ಬಿದ್ದರೆ ಸಾಕು, ಬಾಗುತ್ತದೆ. ಆಗ ಏರಿನ ಹಗುರ ಗೇರ್ (ಹಿಂದಿನ ದೊಡ್ಡ ಹಲ್ಲುಚಕ್ರ) ಹಾಕಿದ ಕೂಡಲೇ ಡಿರೇಲರ್ ಸ್ಪೋಕಿಗೆ ಸಿಕ್ಕಿ ಮುರಿಯುತ್ತದೆ. ಡಿರೇಲರನ್ನೇ ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಫ್ರೇಮಿನೊಳಗೆ ಕಟ್ಟಿ. ನಿಮ್ಮ ಫ್ರೇಮಿಗೆ ಹೊಂದುವ ಹ್ಯಾಂಗರ್ ಒಂದು ಚೀಲದಲ್ಲಿರಲಿ. ಪ್ರತಿ ಕಂಪನಿಯದೂ ಬೇರೆ ಬೇರೆ ಅಳತೆ, ದಾರಿಯ ಅಂಗಡಿಯಲ್ಲಿ ಸಿಗುವ ಭರವಸೆ ಇಲ್ಲ.

ಟೈರ್ ಅಗಲ 38 ಎಂಎಂಗಿಂತ ಕಡಿಮೆ ಇದ್ದರೆ ಗಾಳಿಮರದ ತೋಪಿನ ಕಾಲುದಾರಿಗಳನ್ನು ಮರೆತುಬಿಡಿ. 700×38 ಟೈರಿಗೆ, 70 ಕೆ.ಜಿ. ಆಳು ಮತ್ತು 7 ಕೆ.ಜಿ. ಸಾಮಾನಿಗೆ, ಡಾಂಬರಿನ ಮೇಲೆ 50–55 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹಾಕಿದೆವು. ತೋಪಿನೊಳಗೆ 35ಕ್ಕೆ ಇಳಿಸಿದೆವು. 2.1 ಇಂಚಿನ ಎಂಟಿಬಿ (ಮೌಂಟನ್ ಬೈಕ್) ಟೈರಿಗೆ ಡಾಂಬರಿನಲ್ಲಿ 35, ತೋಪಿನಲ್ಲಿ 24. ಗಾಳಿ ಇಳಿಸಲು ಅರೆ ನಿಮಿಷ, ಮತ್ತೆ ತುಂಬಲು ಕೈಪಂಪಿನಲ್ಲಿ ಐದು ನಿಮಿಷ. ಈ ಬೇಸರಕ್ಕೇ ಎಷ್ಟೋ ಜನ ಇಳಿಸುವುದಿಲ್ಲ, ಮರಳಿನಲ್ಲಿ ಹೂತು ತಳ್ಳುತ್ತಾರೆ.

ಗಾಳಿಮರ ಎಂದರೆ ಪುಸ್ತಕದ ಸರ್ವೆ ಮರ. ಹುಟ್ಟಾ ಕರಾವಳಿಯದಲ್ಲ; 1860ರ ದಶಕದಲ್ಲಿ ಕಾರವಾರದ ಸುತ್ತ ನೆಡಲು ಶುರುಮಾಡಿದ್ದು, ಈಗ ಮರಳು ಹಿಡಿದಿಡಲು ದಂಡೆಯುದ್ದಕ್ಕೂ ಇದೆ. ಇದರ ನೆರಳು ತೆಳು, ಆದರೆ ಕೆಳಗಿನ ನೆಲ ಸೈಕಲ್ಲಿಗೆ ಒದಗಿಬರುತ್ತದೆ. ಉದುರಿದ ಎಳೆಗಳು ಚಾಪೆಯಂತೆ ಹಾಸಿ, ಅಡಿಯ ಸಡಿಲ ಮರಳನ್ನು ಸ್ವಲ್ಪ ಬಿಗಿಯಾಗಿಡುತ್ತವೆ. ಮೋಸವೂ ಅಲ್ಲೇ. ಜನ ಓಡಾಡಿದ ಕಡೆ ಚಾಪೆ ಕಂದು ಬಣ್ಣಕ್ಕೆ ತಿರುಗಿ ಮಣ್ಣಿಗೆ ಅಂಟಿಕೊಂಡಿರುತ್ತದೆ, ಅದರ ಮೇಲೆ ಚಕ್ರ ಓಡುತ್ತದೆ. ಎಳೆಗಳು ಉಬ್ಬಿ ಹಗುರಾಗಿ ಕೂತಿದ್ದರೆ ಅಡಿಯಲ್ಲಿ ಹೊಸ ಮರಳಿದೆ ಎಂದರ್ಥ. ಮುಂದಿನ ಚಕ್ರ ಹೊಕ್ಕ ಕೂಡಲೇ ಹ್ಯಾಂಡಲ್ ತಾನೇ ತಿರುಗುತ್ತದೆ. ಆಗ ಬ್ರೇಕ್ ಹಿಡಿಯಬಾರದು, ತಿರುಗಿಸಬಾರದು. ಮೈಭಾರ ಹಿಂದಕ್ಕೆ ಹಾಕಿ, ಹಗುರ ಗೇರಿನಲ್ಲಿ ತುಳಿಯುತ್ತಲೇ ಇರಬೇಕು. ಗೋಲಿಯಷ್ಟು ಗಾತ್ರದ ಮುಳ್ಳುಮುಳ್ಳಾದ ಕಾಯಿಗಳಿಂದ ಟೈರಿಗೇನೂ ಆಗುವುದಿಲ್ಲ, ಆದರೆ ಡಾಂಬರಿನ ಮೇಲೆ ಬಿದ್ದಿದ್ದರೆ ತಿರುವಿನಲ್ಲಿ ಜಾರಿಸುತ್ತವೆ. ಒಣ ಎಳೆ ಕಿಡಿಗೆ ಕಾಯುತ್ತಿರುತ್ತದೆ. ತೋಪುಗಳು ಬಹುಮಟ್ಟಿಗೆ ಅರಣ್ಯ ಇಲಾಖೆಯವು; ಸ್ಟವ್ ಹಚ್ಚುವುದು, ಅಪ್ಪಣೆಯಿಲ್ಲದೆ ಟೆಂಟ್ ಹೊಡೆಯುವುದು ಬೇಡ.

ಮೊದಲ ದಿನದ ಯೋಜನೆಯೆಲ್ಲ ತಾರಿಯ, ಅಂದರೆ ಹೊಳೆ ದಾಟಿಸುವ ದೋಣಿಯ ಮೇಲೆ ನಿಂತಿದೆ. ಗೋಕರ್ಣದಿಂದ ಸಾಣಿಕಟ್ಟಾದ ಉಪ್ಪಿನ ಆಗರಗಳ ಕಡೆಯಿಂದ ತದಡಿಗೆ ಸುಮಾರು 10 ಕಿ.ಮೀ. ಅಲ್ಲಿ ಅಘನಾಶಿನಿ ನದಿ ದಾಟಿದರೆ ಆಚೆ ದಡ ಅಘನಾಶಿನಿ ಊರು, ಅಲ್ಲಿಂದ ಬಾಡ, ಕಾಗಾಲ, ಹೊಲನಗದ್ದೆಯ ಮೇಲೆ ಕುಮಟಾಕ್ಕೆ ಇನ್ನೊಂದು ಹನ್ನೆರಡು. ದೋಣಿ ತಪ್ಪಿದರೆ ಹೆದ್ದಾರಿ ಸುತ್ತಿ 30 ಕಿ.ಮೀ.ಗೂ ಹೆಚ್ಚು. ಹಾಗಾಗಿ ಹಿಂದಿನ ಸಂಜೆಯೇ ಮೊದಲ ದೋಣಿ ಎಷ್ಟಕ್ಕೆ, ಮಧ್ಯಾಹ್ನ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಊರಲ್ಲೇ ಕೇಳಿಕೊಳ್ಳಬೇಕು. ಬೈಕ್ ಹತ್ತಿಸುವ ದೋಣಿಯಲ್ಲಿ ಸೈಕಲ್ಲಿಗೆ ತಕರಾರಿಲ್ಲ.

ಹತ್ತಿಸುವಾಗ ನೀರಿನ ಮಟ್ಟ ನೋಡಿ. ಹುಣ್ಣಿಮೆ, ಅಮಾವಾಸ್ಯೆಯ ದಿನ ಭರತ ಹನ್ನೊಂದು-ಹನ್ನೆರಡರ ಸುಮಾರಿಗೆ ಬರುತ್ತದೆ, ಮುಂಜಾನೆ ಮತ್ತು ಸಂಜೆ ಇಳಿತ. ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಇಳಿತದಲ್ಲಿ ಧಕ್ಕೆಯ (ದೋಣಿ ನಿಲ್ಲುವ ಕಟ್ಟೆ) ಕೆಳಗಿನ ಮೆಟ್ಟಿಲು ಹೊರಬೀಳುತ್ತದೆ, ಅದರ ಮೇಲೆ ಪಾಚಿ. ಕ್ಲೀಟ್ (ಪೆಡಲಿಗೆ ಸಿಕ್ಕಿಸುವ ಕೊಕ್ಕೆ) ಇರುವ ಶೂ ಹಾಕಿಕೊಂಡು ಅಲ್ಲಿ ಸೈಕಲ್ ಎತ್ತುವುದೆಂದರೆ ಬೀಳುವುದೇ. ಮೊದಲು ಚೀಲಗಳನ್ನು ಬಿಚ್ಚಿ ದೋಣಿಗೆ ಕೊಡಿ. ಎರಡೂ ಬ್ರೇಕ್ ಲಿವರಿಗೆ ಹಳೇ ಟ್ಯೂಬಿನ ರಬ್ಬರ್ ಸುತ್ತಿ ಚಕ್ರ ಕದಲದಂತೆ ಮಾಡಿ. ಆಮೇಲೆ ಒಬ್ಬರು ಮುಂದೆ, ಒಬ್ಬರು ಸೀಟಿನ ಕೆಳಗೆ ಹಿಡಿದು, ಚೈನ್ ಇರುವ ಬಲಬದಿ ದೋಣಿಯ ಅಂಚಿಗೆ ತಾಗದಂತೆ ಎತ್ತಿ. ಒಳಗೆ ಸೈಕಲ್ ಒರಗಿಸಿ ಕೈಯಲ್ಲೇ ಹಿಡಿದು ನಿಲ್ಲಿ, ಸ್ಟ್ಯಾಂಡ್ ನಂಬಬೇಡಿ.

ಆಚೆ ದಡದ್ದೇ ಇಡೀ ಪ್ರವಾಸದ ಒಳ್ಳೆಯ ತುಂಡು. ಹಿನ್ನೀರಿನ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಮತ್ತು ಉಪ್ಪುನೀರು ನುಗ್ಗುವ ತಗ್ಗಿನ ಗಜನಿ ಗದ್ದೆ, ಕಡಲ ಕಡೆ ತೆಂಗು, ಗಾಳಿಮರ. ಗಜನಿಯಲ್ಲಿ ಬೆಳೆಯುವುದು ಉಪ್ಪುನೀರು ತಡೆಯುವ ಕಗ್ಗ ಭತ್ತ. ರಸ್ತೆ ಕಿರಿದು, ವಾಹನ ಕಡಿಮೆ, ನಾಯಿಗಳು ಹೆಚ್ಚು. ಕರಾವಳಿ ಎಂದರೆ ಸಪಾಟು ಎಂಬ ತಪ್ಪು ಎಣಿಕೆಯೂ ಇಲ್ಲೇ ಕಳೆಯುತ್ತದೆ: ಎರಡು ಊರಿನ ನಡುವೆ ಕೆಂಪು ಮುರಕಲ್ಲಿನ ಗುಡ್ಡವೊಂದು ಅಡ್ಡ ಬಂದೇ ಬರುತ್ತದೆ. ಏರು ಉದ್ದವಲ್ಲ, ಕಡಿದು. ಒಂದೇ ಗೇರಿನ ಸೈಕಲ್ ಆದರೆ ಇಳಿದು ತಳ್ಳಿ, ಮರ್ಯಾದೆ ಹೋಗುವುದಿಲ್ಲ. ಮೊದಲ ದೋಣಿ ಹಿಡಿದರೆ ಹತ್ತೂವರೆಗೆ ಕುಮಟಾ. ಮಧ್ಯಾಹ್ನ ಮಲಗಿ, ನಾಲ್ಕರ ಮೇಲೆ ಬೇಕಿದ್ದರೆ ಕುಮಟಾದ ಕಡಲದಂಡೆ ಹೆಡ್‌ಬಂದರ್ ಸುತ್ತಾಡಿ.

ಎರಡನೇ ದಿನ ಹೆದ್ದಾರಿ. ಕುಮಟಾದಿಂದ ಧಾರೇಶ್ವರ, ಹಳದೀಪುರ, ಕರ್ಕಿ ದಾಟಿ ಹೊನ್ನಾವರಕ್ಕೆ 20 ಕಿ.ಮೀ. ಸುಮಾರು. ಬೆಳಕು ಹರಿದ ಕೂಡಲೇ ಹೊರಟು ಒಂಬತ್ತರೊಳಗೆ ಶರಾವತಿ ಸೇತುವೆ ದಾಟಿಬಿಡಿ. ಗಾಳಿ ಏರಿದ ಮೇಲೆ ಸೇತುವೆಯ ಮೇಲೆ ಪಕ್ಕದಿಂದ ನೂಕುತ್ತದೆ, ಲಾರಿ ಮರೆಮಾಡಿ ಬಿಟ್ಟ ಕ್ಷಣ ಸೈಕಲ್ ಒಂದಡಿ ಸರಿಯುತ್ತದೆ. ಸೇತುವೆಯ ಕಬ್ಬಿಣದ ಸಂದುಗಳನ್ನು ನೇರವಾಗಿ ದಾಟಿ, ಓರೆಯಾಗಿ ಅಲ್ಲ. ದಕ್ಷಿಣಕ್ಕೆ ಹೋಗುವವರಿಗೆ ಸಮುದ್ರದ ತಿರುವುಗಳೆಲ್ಲ ಬಲಕ್ಕೆ. ನಾಲ್ಕು ಪಥದಲ್ಲಿ ಅವುಗಳಿಗೆ ಹೋಗಲು ಮೀಡಿಯನ್ ದಾಟಬೇಕು. ಇಳಿದು, ತಳ್ಳಿಕೊಂಡು ದಾಟುವುದೇ ಕ್ಷೇಮ.

ಪಂಕ್ಚರ್ ಆಗುವುದೂ ಈ ದಿನವೇ. ಕಾಡಿನ ಮುಳ್ಳಿಗಿಂತ ಹೆದ್ದಾರಿಯ ಅಂಚು ಕೆಟ್ಟದ್ದು. ಲಾರಿ ಟೈರ್ ಸಿಡಿದಾಗ ಅದರೊಳಗಿನ ಕೂದಲೆಳೆಯಂಥ ಉಕ್ಕಿನ ತಂತಿಗಳು ಶೋಲ್ಡರಿನಲ್ಲಿ ಉಳಿಯುತ್ತವೆ. ಅವು ಹೊಕ್ಕರೆ ಗಾಳಿ ಒಂದೇ ಸಲ ಹೋಗುವುದಿಲ್ಲ, ಅರ್ಧ ಗಂಟೆಯಲ್ಲಿ ಮೆತ್ತಗಾಗುತ್ತದೆ. ಟ್ಯೂಬ್ ಬದಲಿಸಿ ಮತ್ತೆ ಐದು ಕಿ.ಮೀ.ಗೆ ಅದೇ ಕಥೆ ಆದರೆ ತಂತಿ ಟೈರಿನಲ್ಲೇ ಇದೆ ಎಂದರ್ಥ. ಕಣ್ಣಿಗೆ ಕಾಣುವುದಿಲ್ಲ. ಟ್ಯೂಬಿನ ತೂತನ್ನು ವಾಲ್ವ್‌ನಿಂದ ಅಳೆದು, ಟೈರಿನ ಅದೇ ಜಾಗದಲ್ಲಿ ಒಳಗಿನಿಂದ ಹಳೇ ಬನಿಯನ್ ತುಂಡು ಸವರಿಕೊಂಡು ಹೋಗಿ. ತಂತಿ ಇರುವಲ್ಲಿ ಬಟ್ಟೆಯ ಎಳೆ ಸಿಕ್ಕಿಕೊಳ್ಳುತ್ತದೆ. ಟೈರನ್ನು ಮಡಚಿ ತುದಿ ಹೊರಗೆ ಬರಿಸಿ ಉಗುರು ಕತ್ತರಿಯಿಂದ ಕಿತ್ತರೆ ಮುಗಿಯಿತು. ಇದಕ್ಕೆ ನಾವು ಇಟ್ಟುಕೊಂಡದ್ದು: ತಲಾ ಎರಡು ಟ್ಯೂಬ್, ಪ್ಯಾಚ್ ಡಬ್ಬಿ, ಟೈರ್ ಬಿಚ್ಚುವ ಎರಡು ಲಿವರ್, ಕೈಪಂಪು, 4-5-6 ಎಂಎಂ ಅಲೆನ್ ಕೀ, ಚೈನಿನ ಜೋಡಣೆ ಕೊಂಡಿ, ಹತ್ತು ಪ್ಲಾಸ್ಟಿಕ್ ಟೈ, ಮತ್ತೆ ಆ ಉಗುರು ಕತ್ತರಿ.

ಸೇತುವೆ ದಾಟಿದೊಡನೆ ಕಾಸರಕೋಡ. ಶರಾವತಿ ಅಳಿವೆಯ ಕಾಂಡ್ಲಾ ವನದೊಳಗೆ ಹಾಕಿದ ಹಲಗೆ ದಾರಿಯಲ್ಲಿ ಸೈಕಲ್ ಒಯ್ಯುವಂತಿಲ್ಲ, ಬೀಗ ಹಾಕಿ ನಡೆಯಬೇಕು. ಮುಂದೆ 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ ಕಡಲತೀರಕ್ಕೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ) ಸಿಕ್ಕ ಇಕೋ ಬೀಚ್, ಗಾಳಿಮರದ ತೋಪಿನ ಅಂಚಿನಲ್ಲೇ. ಬಿಸಿಲು ತಪ್ಪಿಸಿ ಕೂರಲು ಇದಕ್ಕಿಂತ ಒಳ್ಳೆಯ ಜಾಗ ಈ ದಾರಿಯಲ್ಲಿ ನಮಗೆ ಸಿಗಲಿಲ್ಲ.

ಒದ್ದೆ ಮರಳಿನ ಮೇಲೆ ಸೈಕಲ್ ಓಡಿಸುವ ಆಸೆ ಇಲ್ಲಿ ಎಲ್ಲರಿಗೂ ಬರುತ್ತದೆ. ಫೋಟೊಗೆ ಚಂದ, ಸೈಕಲ್ಲಿಗೆ ಅಲ್ಲ. ಚಕ್ರ ಎರಚುವ ಉಪ್ಪುನೀರು ಚೈನಿನ ರೋಲರಿನೊಳಗೆ, ಬೇರಿಂಗಿನೊಳಗೆ ಸೇರುತ್ತದೆ. ಒಂದೇ ರಾತ್ರಿಯಲ್ಲಿ ಚೈನ್ ಕೆಂಪಗಾಗುತ್ತದೆ. ಜೊತೆಗೆ ಚಳಿಗಾಲ ಕಡಲಾಮೆ ಮೊಟ್ಟೆಯಿಡುವ ಕಾಲ, ಕಾಸರಕೋಡದ ದಂಡೆಗೂ ಅವು ಬರುತ್ತವೆ. ಹಾಗಾಗಿ ರಾತ್ರಿ ದಂಡೆಗೆ ಸೈಕಲ್ ಇಳಿಸಲೇಬಾರದು. ಮರಳಿಗೆ ಇಳಿಯದಿದ್ದರೂ ಗಾಳಿಯಲ್ಲೇ ಉಪ್ಪಿರುತ್ತದೆ. ಪ್ರತಿ ಸಂಜೆ ಒಂದು ಬಕೆಟ್ ಸಿಹಿನೀರನ್ನು ಮೆಲ್ಲಗೆ ಸುರಿದು (ಪೈಪಿನ ಜೋರು ನೀರು ಬೇರಿಂಗಿಗೆ ಬೇಡ), ಚೈನ್ ಒರೆಸಿ, ಪೂರ್ತಿ ಒಣಗಿದ ಮೇಲೆ ಪ್ರತಿ ರೋಲರಿಗೆ ಒಂದು ಹನಿ ಎಣ್ಣೆ ಬಿಟ್ಟು, ಹತ್ತು ನಿಮಿಷ ಬಿಟ್ಟು ಹೊರಗಿನದನ್ನೆಲ್ಲ ಮತ್ತೆ ಒರೆಸಿ. ಹೊರಗೆ ಎಣ್ಣೆ ಉಳಿದರೆ ಮರಳು ಅಂಟಿ ಅರದಂತೆ ತೇಯುತ್ತದೆ. ಕೊಬ್ಬರಿ ಎಣ್ಣೆ ಮಾತ್ರ ಬೇಡ, ಜಿಡ್ಡುಗಟ್ಟುತ್ತದೆ.

ಮೂರನೇ ದಿನಕ್ಕೆ ಹೇಳುವುದು ಕಡಿಮೆ. ಅಪ್ಸರಕೊಂಡಕ್ಕೆ ಹೆದ್ದಾರಿಯಿಂದ ಒಳಗೆ ಹೋಗಿ ಗುಡ್ಡ ಹತ್ತಬೇಕು. ಜಲಪಾತದಲ್ಲಿ ಫೆಬ್ರವರಿ ಹೊತ್ತಿಗೆ ನೀರು ಸೊರಗಿರುತ್ತದೆ, ಮೇಲಿನಿಂದ ಕಾಣುವ ಕಡಲಿಗಾಗಿ ಹೋಗಬಹುದು. ಆಮೇಲೆ ಮಂಕಿಯ ಮೇಲೆ ಮುರ್ಡೇಶ್ವರ. ನೀರು ತಲಾ ಎರಡು ಲೀಟರ್ ಸಾಕು, ಊರುಗಳು ಹತ್ತಿರ. ಹೋಟೆಲಿನಲ್ಲಿ ಬೆಳಿಗ್ಗೆ ಎರಡು ಬನ್ಸ್, ಹತ್ತು ಗಂಟೆಗೆ ಎಳನೀರು, ಊಟಕ್ಕೆ ಮುಂಚೆ ಉಪ್ಪು ಹಾಕಿದ ಕೋಕಂ ಪಾನಕ. ಮೀನೂಟ ಮಾತ್ರ ದಿನದ ತುಳಿತ ಮುಗಿದ ಮೇಲೆ. ಕುಚ್ಚಲಕ್ಕಿ ಅನ್ನ ಉಂಡು ಮತ್ತೆ ಸೈಕಲ್ ಹತ್ತುವವರನ್ನು ನಾವಂತೂ ನೋಡಿಲ್ಲ.

ಮುರ್ಡೇಶ್ವರ ರೈಲು ನಿಲ್ದಾಣ ಇರುವುದು ಹೆದ್ದಾರಿಯ ಪೂರ್ವಕ್ಕೆ, ದೇವಸ್ಥಾನ ಇರುವುದು ಪಶ್ಚಿಮಕ್ಕೆ ಕಡಲೊಳಗೆ. ದೇವಸ್ಥಾನದಿಂದ ನಿಲ್ದಾಣಕ್ಕೆ ಬಂದು, ಸೈಕಲ್ ಒರೆಸಿ, ಬಿಚ್ಚಿ, ಚೀಲಕ್ಕೆ ಹಾಕಲು ಇಬ್ಬರಿಗೆ ಒಂದೂವರೆ ಗಂಟೆ ಹಿಡಿಯುತ್ತದೆ. ಗಾಡಿಯ ಹೊತ್ತಿಗೆ ಎರಡೂವರೆ ಗಂಟೆ ಮೊದಲೇ ಕಡಲಿಗೆ ಬೆನ್ನು ತಿರುಗಿಸಿ.