ಯಾರೂ ತೆರೆಯದ ಶೀಟು ಲಾಕ್ ಆಗಿತ್ತು: ನಾನು ಸರಿಮಾಡಿದ ಬಗೆ

ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್‌ನ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಡಬ್ಬಿ, ಕಡ್ಡಿ ತಳಿಯ ಮೆಣಸಿನಕಾಯಿ ಲಾಟುಗಳ ತೂಕ, ದರ ಎಲ್ಲ ಲಿಬ್ರೆಆಫೀಸ್ (ಎಕ್ಸೆಲ್‌ನಂಥ ಸಾಫ್ಟ್‌ವೇರ್) ಶೀಟಿನಲ್ಲಿ. ಶೀಟಿರುವ ಫೋಲ್ಡರ್ ಅಂಗಡಿಗೂ ಗೋಡೌನಿಗೂ ಸಿಂಕ್ ಆಗುತ್ತದೆ, ಅಂದರೆ ಒಂದು ಕಡೆ ಬದಲಾದದ್ದು ನೆಟ್ ಮೂಲಕ ಇನ್ನೊಂದು ಕಡೆಯೂ ಬದಲಾಗುತ್ತದೆ.

ಟೆಂಡರ್ ದಿನ ಗೋಡೌನಿನ ಹುಡುಗನ ಫೋನ್: “ಅಣ್ಣಾರ, ಫೈಲ್ ನೀವು ತಗದಿಟ್ಟೀರೇನ್ರಿ? ಲಾಕ್ ಅಂತ ತೋರಸ್ತೈತಿ.” ನಾನು ಮುಚ್ಚಿ ಎಷ್ಟೋ ಹೊತ್ತಾಗಿತ್ತು.

ಅಲ್ಲಿಗೇ ಹೋಗಿ ವಿಂಡೋಸ್‌ನಲ್ಲಿ ‘ಹಿಡನ್ ಐಟಮ್ಸ್’ ಟಿಕ್ ಮಾಡಿದೆ. ಹೆಸರಿನಲ್ಲಿ ‘ಲಾಕ್’ ಅಂತಿದ್ದು, ಕೊನೆಗೆ # ಇರುವ ಪುಟ್ಟ ಫೈಲ್ ಸಿಕ್ಕಿತು. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ನನ್ನ ಹೆಸರು, ಅಂಗಡಿ ಕಂಪ್ಯೂಟರಿನ ಹೆಸರು, ಶೀಟು ತೆರೆದ ಹೊತ್ತು! ಶೀಟು ತೆರೆದಾಗ ಹುಟ್ಟಿ, ಮುಚ್ಚಿದಾಗ ತಾನೇ ಅಳಿಯುವ ಫೈಲ್ ಅದು. ಸಿಂಕ್ ಸಾಫ್ಟ್‌ವೇರ್ ಅದನ್ನೂ ಗೋಡೌನಿಗೆ ಸಾಗಿಸಿತ್ತು. ನಡುವೆ ನೆಟ್ ಹೋಗಿ, ಅಂಗಡಿಯಲ್ಲಿ ಅಳಿದ ಸುದ್ದಿ ಗೋಡೌನಿಗೆ ಮುಟ್ಟಿರಲಿಲ್ಲ.

ಎರಡೂ ಕಡೆ ಶೀಟು ಮುಚ್ಚಿದ್ದು ಖಾತ್ರಿ ಮಾಡಿಕೊಂಡು ಅದನ್ನು ಡಿಲೀಟ್ ಮಾಡಿದೆ. ಆಮೇಲೆ ಎರಡೂ ಕಂಪ್ಯೂಟರಿನಲ್ಲಿ, ಸಿಂಕ್ ಮಾಡಬಾರದ ಫೈಲುಗಳ ಪಟ್ಟಿಗೆ ಈ ನಮೂನೆಯ ಹೆಸರು (.~lock.*#) ಸೇರಿಸಿದೆ. ಎಕ್ಸೆಲ್ ಬಳಸುವವರು ~$* ಸೇರಿಸಬೇಕು.

ಒಂದು ತೊಡಕಿದೆ. ಈಗ ನಿಜವಾದ ಲಾಕ್ ಕೂಡ ಆಚೆ ಕಾಣುವುದಿಲ್ಲ. ಇಬ್ಬರೂ ಒಟ್ಟಿಗೆ ತಿದ್ದಿದರೆ ಎರಡು ಪ್ರತಿ ಆಗುತ್ತವೆ. ಅದಕ್ಕೇ ತೆರೆಯುವ ಮುಂಚೆ ಒಂದು ಫೋನ್ ಹಾಕುತ್ತೇವೆ.

ಎಕ್ಸೆಲ್ ಸೇವ್ ಮಾಡುವಾಗ ಎಕ್ಸ್‌ಟೆನ್ಶನ್ (ಹೆಸರಿನ ಕೊನೆಯ .xlsx ಥರದ್ದು) ಇಲ್ಲದ ತಾತ್ಕಾಲಿಕ ಫೈಲನ್ನೂ ಸೃಷ್ಟಿಸುತ್ತದೆ. ಅದು ~$* ನಮೂನೆಗೆ ಸಿಗಲ್ಲ. ಅದನ್ನು ಸಿಂಕ್ ಸಾಫ್ಟ್‌ವೇರ್ ಹಿಡಿದುಕೊಂಡು ಸೇವ್ ಪದೇ ಪದೇ ಕೈಕೊಟ್ಟರೆ, ಕೆಲಸ ಮುಗಿಯುವ ತನಕ ಸಿಂಕ್ ನಿಲ್ಲಿಸಿಡಿ.