ಬಿಲ್ಲನ್ನು ದಿನಗಳಲ್ಲಿ ಬರೆದೆ, ಮಾರುವುದೋ ರಿಪೇರಿಯೋ ಗೊತ್ತಾಯಿತು

ಮೂರು ವರ್ಷದ ಹಿಂದೆ ನಮ್ಮ ಹತ್ತಿರ 11 ಡೀಸೆಲ್ ಗಾಡಿಗಳಿದ್ದವು. 5 ಟಿಪ್ಪರ್, 4 ಎಕ್ಸ್‌ಕವೇಟರ್, ಒಂದು ಲೋಡರ್, ಒಂದು ಜನರೇಟರ್. ಈಗ 8 ಇವೆ. ಮಾರಿದ ಮೂರರಲ್ಲಿ ಒಂದನ್ನು ತೀರಾ ತಡವಾಗಿ ಮಾರಿದೆ, ಒಂದನ್ನು ಅವಸರಪಟ್ಟು ಮಾರಿದೆ, ಒಂದನ್ನು ಸರಿಯಾದ ಹೊತ್ತಿಗೆ ಮಾರಿದೆ. ಆ ಮೂರನೆಯದನ್ನು ಕೊಟ್ಟಾಗ ಅಣ್ಣ ಎರಡು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. "ಓಡ್ತಿರೋ ಗಾಡೀನ ಯಾರಾದ್ರೂ ಮಾರ್ತಾರೇನೋ?" ಅಂದ. ಈಗ ಯಾವ ಎಸ್ಟಿಮೇಟ್ ಬಂದರೂ ಅವನೇ "ಎಷ್ಟು ದಿನ ಆಗುತ್ತೆ ನೋಡು" ಅನ್ನುತ್ತಾನೆ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

ತಡವಾಗಿ ಮಾರಿದ್ದು 3ನೇ ನಂಬರ್ ಟಿಪ್ಪರ್. ಆಯಿಲ್ ಕುಡಿಯುತ್ತಿತ್ತು, ಲೋಡ್ ಎಳೆಯುತ್ತಿರಲಿಲ್ಲ. ಇಂಜಿನ್ ಇಳಿಸಿ ಲೈನರ್, ಪಿಸ್ಟನ್, ಬೇರಿಂಗ್, ಹೆಡ್ ಎಲ್ಲ ಮಾಡಿಸಿದೆವು. ಹೊಸದರಂತೆ ಎಳೆಯಿತು. ಎಳೆದದ್ದೇ ತಪ್ಪಾಯಿತು ನೋಡಿ, ಹಳೇ ಗೇರ್‌ಬಾಕ್ಸ್ ನಾಲ್ಕು ತಿಂಗಳೂ ತಡೆಯಲಿಲ್ಲ. ಅದನ್ನು ಮಾಡಿಸಿದ ಮೇಲೆ ಹಿಂದಿನ ಆಕ್ಸಲ್ ಒಳಗಿನ ಕ್ರೌನ್ ಗೇರ್ ಹೋಯಿತು. ಕ್ರೌನ್ ಆದ ಮೇಲೆ ಚಾಸಿಸ್‌ನಲ್ಲಿ ಬಿರುಕು. ಪ್ರತಿ ಸಲವೂ ನಮ್ಮಿಬ್ಬರ ಬಾಯಲ್ಲಿ ಒಂದೇ ಮಾತು: "ಇಷ್ಟು ಹಾಕಿದ್ದೀವಿ, ಇನ್ನೊಂದಿಷ್ಟು ಹಾಕೋಣ." 14 ತಿಂಗಳಲ್ಲಿ ಆ ಗಾಡಿ ನಿಂತದ್ದೇ 70 ದಿನ ಇರಬೇಕು. ಇಂಜಿನ್ ಇಳಿಸುವ ಮೊದಲೇ ಒಬ್ಬರು ಒಳ್ಳೆಯ ಬೆಲೆ ಕೇಳಿದ್ದರು. ಕೊನೆಗೆ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿಗೆ ಹೋಯಿತು.

ಆ ನೋವಲ್ಲೇ ಎರಡನೇ ತಪ್ಪು ಮಾಡಿದೆ. ಒಂದು ಎಕ್ಸ್‌ಕವೇಟರ್ ಕಪ್ಪು ಹೊಗೆ ಉಗುಳಲು ಶುರು ಮಾಡಿತು, ಶಕ್ತಿ ಇಳಿಯಿತು. "ಇದೂ ಹೋಯ್ತು" ಅಂದುಕೊಂಡು ಬಂದ ಬೆಲೆಗೆ ತಳ್ಳಿಬಿಟ್ಟೆ. ತೆಗೆದುಕೊಂಡವರು ಮಾಡಿದ್ದಿಷ್ಟು: ಇಂಜಿನ್‌ಗೆ ಗಾಳಿ ತಳ್ಳುವ ಟರ್ಬೊದಿಂದ ಆ ಗಾಳಿ ತಣಿಸುವ ಇಂಟರ್‌ಕೂಲರ್‌ಗೆ ಹೋಗುವ ಹೋಸ್ ಸೀಳಿತ್ತು, ಬದಲಾಯಿಸಿದರು. ಇವತ್ತಿಗೂ ದುಡಿಯುತ್ತಿದೆ. ಕಪ್ಪು ಹೊಗೆ ಅಂದರೆ ಗಾಳಿ ಕಡಿಮೆ, ಇಲ್ಲವೇ ಡೀಸೆಲ್ ಜಾಸ್ತಿ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಹೆದರಿದವನಿಗೆ ಗೊತ್ತಿದ್ದದ್ದೂ ನೆನಪಾಗುವುದಿಲ್ಲ ಅಷ್ಟೇ.

ಇವೆರಡೂ ಆದ ಮೇಲೆ ಹಣದ ಅಂಕಿ ನೋಡುವುದನ್ನೇ ಬಿಟ್ಟೆ. ಎಲ್ಲವನ್ನೂ ದಿನಗಳಲ್ಲಿ ಬರೆಯಲು ಶುರು ಮಾಡಿದೆ. ಒಂದು ಗಾಡಿ ಒಂದು ದಿನ ಪೂರ್ತಿ ದುಡಿದರೆ ಡೀಸೆಲ್, ಆಪರೇಟರ್ ಸಂಬಳ ಕಳೆದು ಕೈಯಲ್ಲಿ ಉಳಿಯುತ್ತದಲ್ಲ, ಅದು ಒಂದು ದಿನ. ಬಿಲ್ಲನ್ನು ಅದರಿಂದ ಭಾಗಿಸಿ. ಗಾಡಿ ಶೆಡ್‌ನಲ್ಲಿ ನಿಲ್ಲುವ ಪ್ರತಿ ದಿನವನ್ನು ನಾನು ಒಂದೂಕಾಲು ಅಂತ ಹಿಡಿಯುತ್ತೇನೆ, ಯಾಕೆಂದರೆ ಆಪರೇಟರ್ ಸಂಬಳ ನಿಲ್ಲುವುದಿಲ್ಲ. ಆಮೇಲೆ, ಆ ರಿಪೇರಿ ಬಾಳುವಷ್ಟು ಕಾಲದಲ್ಲಿ ಹೇಗೂ ಬರುವ ಬ್ರೇಕ್, ಕ್ಲಚ್ ಪ್ಲೇಟ್, ಹೋಸ್, ಟಯರ್‌ಗೆ ಅಂದಾಜು ಸೇರಿಸುತ್ತೇನೆ. 3ನೇ ನಂಬರ್‌ಗೆ ಹಿಂದಿನಿಂದ ಲೆಕ್ಕ ಹಾಕಿ ನೋಡಿದೆ. ಬಿಲ್ಲುಗಳೇ 170 ದಿನ. ನಿಂತದ್ದೂ ಸೇರಿ 255ಕ್ಕೂ ಮೇಲೆ. ಒಂದು ವರ್ಷದಲ್ಲಿ ನಮ್ಮ ಗಾಡಿಗೆ ಕೆಲಸ ಸಿಗುವುದೇ 220 ದಿನ! ಆ ರಾತ್ರಿ ನಿದ್ದೆ ಬರಲಿಲ್ಲ.

ಇಷ್ಟೇ ಆದರೆ ಅರ್ಧ ಲೆಕ್ಕ. ಆ ದಿನಗಳನ್ನು ರಿಪೇರಿ ಎಷ್ಟು ವರ್ಷ ಬಾಳುತ್ತದೋ ಅದರಿಂದ ಭಾಗಿಸಬೇಕು. ಇಲ್ಲೇ ಎಲ್ಲರೂ ಎಡವುತ್ತಾರೆ, ನಾನೂ ಎಡವಿದ್ದೆ. ಇಂಜಿನ್ ನಾಲ್ಕು ವರ್ಷ ಬರುತ್ತದೆ ಅಂತ ಮೆಕ್ಯಾನಿಕ್ ಹೇಳುವುದು ನಿಜವೇ ಇರಬಹುದು. ಆದರೆ ಗೇರ್‌ಬಾಕ್ಸ್ ಒಂದೂವರೆ ವರ್ಷದ್ದಾದರೆ ಆ ಇಂಜಿನ್ನೂ ನನಗೆ ಒಂದೂವರೆ ವರ್ಷದ್ದೇ. ಗಾಡಿಯಲ್ಲಿರುವ ದೊಡ್ಡ ಭಾಗಗಳ ಪೈಕಿ ಯಾವುದು ಮೊದಲು ಹೋಗುತ್ತದೋ ಅದರ ಆಯಸ್ಸಿನಿಂದ ಭಾಗಿಸುತ್ತೇನೆ.

5ನೇ ನಂಬರ್ ಟಿಪ್ಪರ್‌ಗೆ ಇಂಜಿನ್ ಕೆಲಸ ಬಂದಾಗ ಹಾಗೇ ಮಾಡಿದೆ. ಬಿಲ್ 80 ದಿನ, ನಿಲ್ಲುವುದು 20 ದಿನ ಅಂದರೆ 25, ಉಳಿದ ಸಣ್ಣಪುಟ್ಟದ್ದು 40. ಒಟ್ಟು 145. ಒಂದೂವರೆ ವರ್ಷಕ್ಕೆ ಭಾಗಿಸಿದರೆ ವರ್ಷಕ್ಕೆ 97. ಅದರ ಬದಲು ನಾಲ್ಕೈದು ವರ್ಷ ಹಳೆಯ ಗಾಡಿ ತಂದರೆ ಬಡ್ಡಿ, ಬೆಲೆ ಇಳಿತ, ಮಾಮೂಲಿ ರಿಪೇರಿ ಸೇರಿ ವರ್ಷಕ್ಕೆ 70 ದಿನ ತಿನ್ನುತ್ತದೆ. ಈ 70 ನನ್ನ ಗೆರೆ. ನಿಮ್ಮ ಗೆರೆ ಬೇರೆ ಇರುತ್ತದೆ, ಸುಮ್ನೆ ನನ್ನದನ್ನು ಎತ್ತಿಕೊಳ್ಳಬೇಡಿ. 97 ಗೆರೆ ದಾಟಿತು, ಮಾರಿದೆ. ಅಣ್ಣ ಮಾತು ಬಿಟ್ಟದ್ದು ಇದಕ್ಕೇ.

ಅದೇ ತಿಂಗಳು 2ನೇ ನಂಬರ್ ಎಕ್ಸ್‌ಕವೇಟರ್‌ನ ಚೈನು, ರೋಲರ್, ಸ್ಪ್ರಾಕೆಟ್ ಎಲ್ಲ ಮುಗಿದಿದ್ದವು. ಮೀಟರ್ 12,000 ಗಂಟೆ ದಾಟಿತ್ತು. ಎಲ್ಲರೂ "ಇದನ್ನ ಮಾರು, ಟಿಪ್ಪರ್ ಇಟ್ಕೋ" ಅಂದರು. ಚೈನ್ ಗಾಡಿಯಲ್ಲಿ ರಿಪೇರಿಗೆ ಹೋಗುವ ಹಣದಲ್ಲಿ ಹೆಚ್ಚೂಕಡಿಮೆ ಅರ್ಧ ಈ ಕೆಳಗಿನ ಭಾಗವೇ ತಿನ್ನುತ್ತದೆ, ಹಾಗಾಗಿ ಬಿಲ್ ನೋಡಿದವರಿಗೆ ಎದೆ ಒಡೆಯುತ್ತದೆ. ಲೆಕ್ಕ ಹಾಕಿದೆ: 65, ನಿಂತದ್ದಕ್ಕೆ 10, ಇತರೆ 12. ಒಟ್ಟು 87. ಇಂಜಿನ್, ಹೈಡ್ರಾಲಿಕ್ ಪಂಪು ಇನ್ನೆರಡು ವರ್ಷಕ್ಕೆ ಮೋಸವಿಲ್ಲ ಅಂತ ಗೊತ್ತಿತ್ತು. ವರ್ಷಕ್ಕೆ 44ರ ಆಸುಪಾಸು. ಮಾಡಿಸಿದೆ. ಇವತ್ತು ನಮ್ಮಲ್ಲಿ ಅತಿ ಹೆಚ್ಚು ಉಳಿಸುವುದು ಅದೇ ಗಾಡಿ.

ಮೋಸವಿಲ್ಲ ಅಂತ ಹೇಗೆ ಗೊತ್ತಾಯಿತು? ಲ್ಯಾಬ್‌ಗೆ ಕಳಿಸುವ ಆಯಿಲ್ ಸ್ಯಾಂಪಲ್. ಪ್ರತಿ 250 ಗಂಟೆಗೆ, ಇಂಜಿನ್ ಬಿಸಿ ಇರುವಾಗಲೇ, ಮೊದಲು ಬರುವ ಆಯಿಲ್ ಬಿಟ್ಟು ನಡುವಿನ ಧಾರೆಯಿಂದ ಹಿಡಿಯಬೇಕು. ಒಂದು ರಿಪೋರ್ಟಿನಿಂದ ಏನೂ ಗೊತ್ತಾಗುವುದಿಲ್ಲ, ನಾಲ್ಕು ಸಾಲಾಗಿ ಇಟ್ಟರೆ ಗಾಡಿಯ ಜಾತಕ. ಆಯಿಲ್‌ನಲ್ಲಿ ಸೀಸ, ತಾಮ್ರ ಏರಿದರೆ ಬೇರಿಂಗ್ ಕಡೆ ನೋಡುತ್ತೇನೆ. ಸೋಡಿಯಂ, ಪೊಟ್ಯಾಸಿಯಂ ಜೊತೆಯಾಗಿ ಏರಿದರೆ ಕೂಲೆಂಟ್ ಒಳಗೆ ಹೋಗುತ್ತಿರಬೇಕು. ಸಿಲಿಕಾನ್ ಜೊತೆ ಕಬ್ಬಿಣ ಏರಿದರೆ ಧೂಳು. ಲೋಡರ್‌ನಲ್ಲಿ 10ರ ಹತ್ತಿರ ಇದ್ದ ಸಿಲಿಕಾನ್ ಒಮ್ಮೆಲೇ 40ಕ್ಕೆ ಹೋಯಿತು. ಹುಡುಕಿದರೆ ಏರ್ ಫಿಲ್ಟರ್ ದಾಟಿದ ಮೇಲಿನ ಹೋಸ್‌ನ ಕ್ಲಾಂಪ್ ಸಡಿಲ. ಕಾಲು ದಿನದ ಖರ್ಚೂ ಆಗಲಿಲ್ಲ. ಆ ವರ್ಷದ ಎಲ್ಲ ಸ್ಯಾಂಪಲ್ ಖರ್ಚು ಅಲ್ಲೇ ವಾಪಸ್ ಬಂತು. ಇನ್ನೊಮ್ಮೆ ಸಿಲಿಕಾನ್ ಏರಿದಾಗ ಎರಡು ದಿನ ತಲೆ ಕೆಡಿಸಿಕೊಂಡೆ, ಕೊನೆಗೆ ನೋಡಿದರೆ ಚೇಂಬರ್‌ಗೆ, ಅಂದರೆ ಇಂಜಿನ್ ಕೆಳಗಿನ ಆಯಿಲ್ ತೊಟ್ಟಿಗೆ, ಹೊಸದಾಗಿ ಹಾಕಿದ್ದ ಸಿಲಿಕೋನ್ ಪೇಸ್ಟಿನದ್ದು!

ಬ್ಲೋಬೈ, ಅಂದರೆ ಪಿಸ್ಟನ್ ಪಕ್ಕದಿಂದ ಚೇಂಬರ್‌ಗೆ ನುಗ್ಗುವ ಗ್ಯಾಸ್, ನೋಡಲು ಆಯಿಲ್ ಕ್ಯಾಪ್ ತಲೆಕೆಳಗು ಇಟ್ಟು ಕುಣಿಯುತ್ತದಾ ನೋಡುವುದು ಎಲ್ಲರೂ ಮಾಡುವುದೇ. ನಾನು ಅದರ ಬದಲು ಪಾರದರ್ಶಕ ಪೈಪನ್ನು ಯು ಆಕಾರಕ್ಕೆ ಹಲಗೆಗೆ ಕಟ್ಟಿ, ಅರ್ಧ ನೀರು ತುಂಬಿ, ಒಂದು ತುದಿಯನ್ನು ಡಿಪ್‌ಸ್ಟಿಕ್ ತೂತಿಗೆ ಕೊಟ್ಟೆ. ಬಿಸಿ ಇಂಜಿನ್, ಪೂರ್ತಿ ರೇಸ್, ನೀರು ಎಷ್ಟು ಬೆರಳು ಏರಿತು ಅಂತ ಗೋಡೆ ಮೇಲೆ ಬರೆದಿಡುತ್ತೇನೆ. ಬೇರೆ ಗಾಡಿಗೆ ಹೋಲಿಸುವುದಿಲ್ಲ, ಅದೇ ಗಾಡಿಯ ಹಳೇ ಗೆರೆಗೆ ಮಾತ್ರ. 1ನೇ ನಂಬರ್ ಟಿಪ್ಪರ್ 2 ಬೆರಳಿನಿಂದ 5ಕ್ಕೆ ಹೋಯಿತು. ಮಾರಲು ಮನಸ್ಸು ಮಾಡಿಬಿಟ್ಟಿದ್ದೆ. ನಮ್ಮ ಹುಡುಗ ಮೆಕ್ಯಾನಿಕ್ "ಅಣ್ಣಾ, ಒಂದ್ಸಲ ಬ್ರೇಕ್ ಕಂಪ್ರೆಸರ್ ಬಿಟ್ಟು ನೋಡೋಣ" ಅಂದ. ಕಂಪ್ರೆಸರ್ ಗೇರ್ ಬಿಡಿಸಿ, ಬಾಯಿ ಮುಚ್ಚಿ ನೋಡಿದರೆ ಮತ್ತೆ 2 ಬೆರಳು! ಸವೆದ ಕಂಪ್ರೆಸರ್‌ನ ಗಾಳಿ ಚೇಂಬರ್‌ಗೆ ಇಳಿಯುತ್ತಿತ್ತು. 6 ದಿನದ ಕೆಲಸ, 80 ದಿನದ್ದಲ್ಲ. ಆ ಹುಡುಗನ ಸಂಬಳ ಏರಿಸಿದೆ.

ಕೆಲಸಕ್ಕೆ ಬಾರದ ಪ್ರಯೋಗಗಳೂ ಇವೆ. ಹಳೇ ಟಿಪ್ಪರ್‌ಗೆ ದಪ್ಪ ಆಯಿಲ್ ಹಾಕಿ ನೋಡಿದೆ. ಕುಡಿಯುವುದು ಸ್ವಲ್ಪ ತಗ್ಗಿತು, ಬೆಳಿಗ್ಗೆ ಸ್ಟಾರ್ಟ್ ಆಗಲು ಒದ್ದಾಡಿತು, ಡೀಸೆಲ್ಲೂ ಕೊಂಚ ಜಾಸ್ತಿ ಹೋಯಿತು ಅನ್ನಿಸುತ್ತದೆ. ಹೊಗೆ ನಿಲ್ಲಿಸುವ ಡಬ್ಬಿ ಔಷಧಿಯೂ ಹಾಕಿದೆ, ಅದರ ಬಗ್ಗೆ ಕೇಳಬೇಡಿ. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುವ ಗಾಡಿ ಪದೇಪದೇ ಬ್ಲಾಕ್ ಆಗುತ್ತಿತ್ತು, ಮೂರು ಸಲ ಫಿಲ್ಟರ್ ತೊಳೆಸಿದೆ. ಇಂಜಿನ್ ಆಯಿಲ್ ಸುಡುತ್ತಿದ್ದರೆ ಅದರ ಬೂದಿ ಅಲ್ಲೇ ತುಂಬುತ್ತದೆ, ತೊಳೆದು ಏನು ಬಂತು? ಅಲ್ವಾ? ಒಂದು ಪ್ರಯೋಗ ಮಾತ್ರ ಗೆದ್ದಿತು. ಜನರೇಟರ್ ಸೈಲೆನ್ಸರ್‌ನಿಂದ ಕಪ್ಪು ಜಿಡ್ಡು ಸೋರುತ್ತಿತ್ತು, ರಿಂಗ್ ಹೋಗಿದೆ ಅಂತ ತೀರ್ಪಾಗಿತ್ತು. ಅದು ವರ್ಷವಿಡೀ ಕಾಲು ಭಾಗ ಲೋಡ್‌ನಲ್ಲೇ ಓಡಿತ್ತು. ಹೀಟರ್‌ಗಳನ್ನು ಜೋಡಿಸಿ ಮುಕ್ಕಾಲು ಲೋಡ್‌ನಲ್ಲಿ ಅರ್ಧ ದಿನ ಓಡಿಸಿದೆವು. ಮೊದಲು ಭಯಂಕರ ಹೊಗೆ, ಆಮೇಲೆ ಜಿಡ್ಡೇ ಇಲ್ಲ.

ಮಾರುವ ಬಗ್ಗೆ ಎರಡು ಮಾತು. ಓಡುವಾಗಲೇ ಮಾರಿ. ನಿಂತ ಗಾಡಿಗೆ ನನಗೆ ಸಿಕ್ಕದ್ದು ಅರ್ಧ ಬೆಲೆಯ ಆಸುಪಾಸು. ಮಾರಲಿಕ್ಕೆಂದು ದೊಡ್ಡ ರಿಪೇರಿ ಮಾಡಿಸಬೇಡಿ, 80 ದಿನದ ಇಂಜಿನ್ ಕೆಲಸ ಬೆಲೆಗೆ 30 ದಿನ ಸೇರಿಸಿದರೆ ಪುಣ್ಯ. ಪೇಂಟ್ ಬೇಡ, ಇಂಜಿನ್ ತೊಳೆಯುವುದೂ ಬೇಡ, ತಿಳಿದವರಿಗೆ ಅನುಮಾನ ಬರುತ್ತದೆ. ನಾನು ಬೆಳಿಗ್ಗೆ ಕರೆಸಿ, ತಣ್ಣಗಿರುವ ಬಾನೆಟ್ ಮುಟ್ಟಿಸಿ, ಅವರ ಕೈಯಲ್ಲೇ ಸ್ಟಾರ್ಟ್ ಮಾಡಿಸಿ, ರಿಪೋರ್ಟ್ ಕಟ್ಟನ್ನು ಕೈಗೆ ಕೊಡುತ್ತೇನೆ. ದೋಷ ಇದ್ದರೆ ಅದೂ ಅದರಲ್ಲೇ ಇರುತ್ತದೆ. 5ನೇ ನಂಬರ್ ಹೀಗೇ ಎರಡನೇ ದಿನಕ್ಕೆ ಹೋಯಿತು, ಕೇಳಿದ್ದರಲ್ಲಿ ಚೂರು ಮಾತ್ರ ಬಿಟ್ಟೆ. ಯಾವ ತಿಂಗಳು ಮಾರುತ್ತೇನೆ, ಮೊದಲ ಬೆಲೆ ಎಷ್ಟು ಏರಿಸಿ ಹೇಳುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಲೆಕ್ಕಕ್ಕೆ ಕೂರುವ ಮೊದಲು ಆಪರೇಟರ್‌ಗೆ ಕೇಳುವ ಒಂದು ಪ್ರಶ್ನೆಯೂ ಇದೆ. ಅದನ್ನೂ ಹೇಳುವುದಿಲ್ಲ, ನಮ್ಮ ಆಪರೇಟರ್‌ಗಳು ಓದಿಬಿಟ್ಟರೆ ಮುಂದಿನ ಸಲ ಉತ್ತರ ತಯಾರು ಮಾಡಿಕೊಂಡು ಬರುತ್ತಾರೆ.

ಈ ಮೂರು ವರ್ಷದಲ್ಲಿ ದೊಡ್ಡ ತೀರ್ಮಾನ 9 ಬಂದಿವೆ, 7 ಸರಿ ಹೋಗಿವೆ ಅಂತ ನನ್ನ ಎಣಿಕೆ. ಅಣ್ಣ 6 ಅನ್ನುತ್ತಾನೆ. 8 ಗಾಡಿಯ ಉಳಿಕೆ ಹಿಂದಿನ 11ರಷ್ಟೇ ಬರುತ್ತಿದೆ, ಅದಕ್ಕೆ ಅವನೂ ತಕರಾರು ಮಾಡುವುದಿಲ್ಲ.

ಈಗ ಲೋಡರ್ ಗೇರ್ ಜಾರುತ್ತಿದೆ. ಬಿಲ್ 62 ದಿನ ಅಂದಿದ್ದಾರೆ. ಪಾರ್ಟ್ ಎಷ್ಟು ದಿನಕ್ಕೆ ಬರುತ್ತದೋ ಯಾರೂ ಸರಿಯಾಗಿ ಹೇಳುತ್ತಿಲ್ಲ. ಅದು 10 ದಿನ ಆದರೆ ಒಂದು ಉತ್ತರ, 40 ಆದರೆ ಇನ್ನೊಂದು. ಪ್ರೆಶರ್ ಗೇಜ್ ಹಾಕಿ ನೋಡಿದ್ದೇವೆ, ಗೇರ್‌ಬಾಕ್ಸ್ ಒಳಗಿನ ಕ್ಲಚ್‌ಗಳ ಪೈಕಿ ಒಂದರಲ್ಲಿ ಮಾತ್ರ ಒತ್ತಡ ಬೀಳುತ್ತಿದೆ. ಗೇರ್ ಆಯಿಲ್‌ನ ಎರಡನೇ ಸ್ಯಾಂಪಲ್ ಕಳಿಸಿ ನಾಲ್ಕು ದಿನ ಆಯಿತು, ಇನ್ನೂ ಬಂದಿಲ್ಲ.